ಕೊಳವೆ ಬಾವಿಯ ನೀರು ಮತ್ತು ನಮ್ಮ ಮಕ್ಕಳ ಎಲುಬು

ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸುವುದನ್ನು ಅನೇಕ ರೈತ ಬಾಂಧವರು ರೂಢಿಸಿಕೊಂಡಿದ್ದಾರೆ. ಆದರೆ ಮನೆಮಂದಿ ದಿನವೂ ಕುಡಿಯುವ ನೀರಿನ ಪರೀಕ್ಷೆಯ ಕಡೆಗೆ ಅಷ್ಟು ಲಕ್ಷ್ಯ ಹೋಗಿಲ್ಲ. ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ ಇದು ಬಹು ಮಹತ್ವದ ವಿಷಯ. ಇಲ್ಲಿಯ ಹಲವು ಗ್ರಾಮಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿರುವುದು ಕಂಡುಬಂದಿದೆ.

ಒಂದು ರೋಗ ಹೋಯಿತು, ಇನ್ನೊಂದು ಬಂತು

ಹಿಂದೆ ಹಳ್ಳಿಗರು ಕೆರೆ, ಹೊಂಡ, ಮೆಟ್ಟಿಲು ಬಾವಿಗಳ ನೀರನ್ನು ಕುಡಿಯುತ್ತಿದ್ದರು. ಕಾಲರಾ, ನಾರುಹುಣ್ಣು ಮುಂತಾದ ರೋಗಗಳು ಈ ನೀರಿನಿಂದಲೇ ಹರಡುತ್ತಿದ್ದವು. ನಾರುಹುಣ್ಣು ಕಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೀರನ್ನು ಸೋಸಿ ಕುಡಿಯುವ ತಿಳಿವಳಿಕೆ, ಮೆಟ್ಟಿಲು ಬಾವಿಗಳ ಸುಧಾರಣೆ, ಕೈಪಂಪುಗಳ ಅಳವಡಿಕೆ ಇವುಗಳ ಫಲವಾಗಿ 1996ರಲ್ಲಿ ನಮ್ಮ ದೇಶದ ಕೊನೆಯ ನಾರುಹುಣ್ಣಿನ ಪ್ರಕರಣ ದಾಖಲಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ರೋಗ 2021ರಿಂದೀಚೆಗೆ ವರ್ಷಕ್ಕೆ ಇಪ್ಪತ್ತು ಜನರಿಗಿಂತ ಕಡಿಮೆಗೆ ಇಳಿದಿದೆ. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ರೋಗಾಣುವಿಲ್ಲದ ನೀರಿಗಾಗಿ ಆಳಕ್ಕೆ ಕೊರೆದ ಕೊಳವೆ ಬಾವಿಗಳೇ ಕೆಲವೆಡೆ ಬಂಡೆಯೊಳಗಿನ ಫ್ಲೋರೈಡನ್ನು ಮೇಲೆ ತಂದವು. ಭಾರತದಲ್ಲಿ ಈ ತೊಂದರೆಯನ್ನು 1937ರಷ್ಟು ಹಿಂದೆಯೇ ಆಗಿನ ಮದ್ರಾಸ್ ಪ್ರಾಂತದಲ್ಲಿ ಗುರುತಿಸಲಾಗಿತ್ತು. ಚೀನಾ, ಇಥಿಯೋಪಿಯಾ, ಟಾಂಜಾನಿಯಾ ದೇಶಗಳಲ್ಲಿಯೂ ಇದು ಇದೆ.

ಫ್ಲೋರೈಡ್ ಎಲ್ಲಿಂದ ಬರುತ್ತದೆ?

ಗ್ರಾನೈಟ್ ಮತ್ತು ನೈಸ್ ಶಿಲೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದು ಸೋಡಾ ಕ್ಷಾರ ಹೆಚ್ಚಿದ್ದರೆ ಇನ್ನೂ ಹೆಚ್ಚು ಕರಗುತ್ತದೆ. ಆದ್ದರಿಂದ ಬೇಳೆ ಬೇಗ ಬೇಯುವ ನೀರು ಒಳ್ಳೆಯ ನೀರೆಂದು ನಂಬುವಂತಿಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಾಲಿಗೆಗೆ ತಿಳಿಯುವುದೂ ಇಲ್ಲ. ಒಂದೇ ಊರಿನ ಎರಡು ಬಾವಿಗಳಲ್ಲಿ ಇದರ ಪ್ರಮಾಣ ಬೇರೆ ಬೇರೆಯಾಗಿರಬಹುದು.

ದೇಹದ ಮೇಲೆ ಪರಿಣಾಮ

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ ಮಿತಿ. ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಇದಕ್ಕೂ ಹೆಚ್ಚಾದರೆ, ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಕ್ಕಳ ಹಲ್ಲುಗಳ ಮೇಲೆ ಹಳದಿ ಮತ್ತು ಕಂದು ಪಟ್ಟೆಗಳು ಮೂಡುತ್ತವೆ. ಹೆಚ್ಚು ಪ್ರಮಾಣದಲ್ಲಿ ಬಹು ವರ್ಷ ಸೇವಿಸಿದವರಿಗೆ ಕೀಲುನೋವು ಬಂದು, ಬೆನ್ನು, ಕುತ್ತಿಗೆಗಳು ಬಿಗಿಯುತ್ತವೆ. ಕೆಲವರ ಕಾಲು ಸೊಟ್ಟಗಾಗುತ್ತವೆ. ಒಮ್ಮೆ ಕೆಟ್ಟ ಹಲ್ಲು, ಎಲುಬನ್ನು ಮೊದಲಿನ ಸ್ಥಿತಿಗೆ ತರುವ ಔಷಧಿ ಇಲ್ಲ. ತಡೆಯುವುದೊಂದೇ ದಾರಿ. ದನಕರುಗಳಿಗೂ ಈ ರೋಗ ತಗಲುತ್ತದೆ.

ನಾರುಹುಣ್ಣಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸತಕ್ಕದ್ದು. ನಾರುಹುಣ್ಣಿನ ಹುಳು ಹರಡುವ ದಾರಿ ಕಡಿದರೆ ರೋಗ ನಾಶವಾಗುತ್ತದೆ. ಫ್ಲೋರೈಡ್ ಬಂಡೆಯಲ್ಲಿದೆ, ಅದನ್ನು ನಾಶಪಡಿಸಲಾಗದು. ಆದ್ದರಿಂದ ಈ ವಿಷಯದಲ್ಲಿ ಎಚ್ಚರಿಕೆ ಪ್ರತಿ ದಿನವೂ ಬೇಕು.

ಪರಿಹಾರ ಮಾರ್ಗಗಳು

ತಾಲೂಕಿನ ಅಂಚಿನಲ್ಲಿಯೇ ತುಂಗಭದ್ರೆ ಹರಿಯುತ್ತಿದ್ದಾಳೆ. ನದಿಯ ನೀರನ್ನು ಶುದ್ಧೀಕರಿಸಿ ಹಳ್ಳಿಗಳಿಗೆ ಕೊಡುವ ಬಹುಗ್ರಾಮ ಯೋಜನೆಯೇ ಶಾಶ್ವತ ಪರಿಹಾರ. ಗ್ರಾಮಗಳ ಶುದ್ಧ ನೀರಿನ ಘಟಕಗಳೂ ಪ್ರಯೋಜನಕಾರಿ. ಆದರೆ ಅವುಗಳ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಘಟಕವಿದ್ದೂ ಇಲ್ಲದಂತೆ. ನೀರು ಬಾರದ ದಿನಗಳಲ್ಲಿ ಜನ ಪುನಃ ಹಳೆಯ ಬೋರಿಗೇ ಹೋಗುತ್ತಾರೆ ಎಂಬುದನ್ನು ಗ್ರಾಮ ಪಂಚಾಯತಿಯವರು ಮರೆಯಬಾರದು.

ಮಳೆನೀರು ಮನೆಯವರ ಕೈಯಲ್ಲಿಯೇ ಇರುವ ಉಪಾಯ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 40 ಚದರ ಮೀಟರ್ ತಗಡು ಅಥವಾ ಸಿಮೆಂಟ್ ಚಾವಣಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 20,000 ಲೀಟರ್ ನೀರಾಗುತ್ತದೆ. ಐದನೇ ಒಂದು ಭಾಗ ವ್ಯರ್ಥವಾದರೂ 16,000 ಲೀಟರ್ ಉಳಿಯುತ್ತದೆ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಬಳಸುವ ಕುಟುಂಬಕ್ಕೆ ವರ್ಷಕ್ಕೆ ಬೇಕಾದದ್ದು 7,300 ಲೀಟರ್ ಮಾತ್ರ. ಮಳೆಯಿಲ್ಲದ 150 ದಿನಗಳಿಗೆ 3,000 ಲೀಟರಿನ ತೊಟ್ಟಿ ಸಾಕು. ಮಣ್ಣಿನ ಮಾಳಿಗೆಯ ನೀರು ಇದಕ್ಕೆ ಯೋಗ್ಯವಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

1. ಕುಡಿಯಲು ಬಳಸುವ ಪ್ರತಿಯೊಂದು ಬಾವಿಯ ನೀರನ್ನು ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಿರಿ.

2. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

3. ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ, ಬೇಳೆ, ಚಹಾಕ್ಕೂ ಸುರಕ್ಷಿತ ನೀರನ್ನೇ ಬಳಸಿರಿ.

4. ಮೊದಲ ಮಳೆಯ ನೀರನ್ನು ಹೊರಬಿಟ್ಟು, ನಂತರದ್ದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿರಿ. ಕುಡಿಯುವ ಮೊದಲು ಕುದಿಸಿ ಆರಿಸಿರಿ.

5. ಮಕ್ಕಳಿಗೆ ಹಾಲು, ಮಜ್ಜಿಗೆ, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಕೊಡಿರಿ. ಸುಣ್ಣದ ಅಂಶ ಮತ್ತು ಸಿ ಜೀವಸತ್ವ ಸಾಕಷ್ಟಿದ್ದಲ್ಲಿ ಹಾನಿ ಕಡಿಮೆ.

6. ಶುದ್ಧ ನೀರಿನ ಘಟಕದಿಂದ ಹೊರಬೀಳುವ ನೀರನ್ನು ದನಗಳಿಗೆ ಕುಡಿಸಬೇಡಿರಿ.

ಮಣ್ಣಿಗೆ ಕೊಟ್ಟ ಗೊಬ್ಬರ ಹೆಚ್ಚಾದರೆ ಮುಂದಿನ ಹಂಗಾಮಿನಲ್ಲಿ ಸರಿಪಡಿಸಿಕೊಳ್ಳಬಹುದು. ಮಗುವಿನ ಎಲುಬಿಗೆ ಎರಡನೆಯ ಹಂಗಾಮು ಇಲ್ಲ. ಆದ್ದರಿಂದ ಮುಂಗಾರು ಆರಂಭವಾಗುವ ಮೊದಲೇ ಚಾವಣಿಗೆ ದೋಣಿ ಕಟ್ಟಿಸಿ, ತೊಟ್ಟಿ ಸಿದ್ಧಪಡಿಸಿಕೊಳ್ಳುವುದು ಸೂಕ್ತ.