ಐದು ಸಲ ಸೋತು ಗೆದ್ದವನು

ನಮ್ಮ ಡೆಸ್ಕ್‌ನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಇದ್ದಾನೆ. 2025ರ ಜನವರಿ 7ರ ಸಂಜೆ ನನ್ನ ಕ್ಯಾಬಿನ್‌ಗೆ ಓಡಿ ಬಂದ. "ಸರ್, ಫ್ರಾನ್ಸ್‌ನಲ್ಲಿ ಜೀನ್ ಮೇರಿ ಲೆ ಪೆನ್ ಅಂತ ಯಾರೋ ತೀರಿಕೊಂಡ್ರಂತೆ, 96 ವರ್ಷ. ಆಯಮ್ಮ ಏನಾಗಿದ್ರು ಸರ್?" ಅಂದ. ನಗು ಬಂತು. ಮೇರಿ ಅಂದ್ರೆ ನಮ್ಮಲ್ಲಿ ಹೆಣ್ಣುಮಕ್ಕಳ ಹೆಸರು, ಫ್ರಾನ್ಸ್‌ನಲ್ಲಿ ಗಂಡಸರ ಹೆಸರಿಗೂ ಅಂಟಿಕೊಳ್ಳುತ್ತೆ. "ಆಯಮ್ಮ ಅಲ್ಲ ಮಾರಾಯ, ಆಯಪ್ಪ" ಅಂದೆ.

"ಪ್ರೆಸಿಡೆಂಟ್ ಆಗಿದ್ರಾ?" ಇಲ್ಲ. ಐದು ಸಲ ನಿಂತ, ಐದು ಸಲವೂ ಸೋತ. "ಪ್ರಧಾನಿ?" ಇಲ್ಲ. "ಹೋಗ್ಲಿ, ಮಂತ್ರಿ?" ಒಂದೇ ಒಂದು ದಿನಕ್ಕೂ ಇಲ್ಲ. "ಹಂಗಾದ್ರೆ ಬಿಡಿ ಸರ್, ಕೆಳಗಡೆ ಟಿಕರ್‌ನಲ್ಲಿ ಒಂದು ಲೈನ್ ಹೋಗ್ಲಿ."

ಒಂದು ಲೈನ್ ಸಾಲದು ಅಂತ ನನಗನ್ನಿಸಿತು. ಯಾಕೆ ಅಂದ್ರೆ, ಅದೇ ರಾತ್ರಿ ಪ್ಯಾರಿಸ್‌ನ ರಿಪಬ್ಲಿಕ್ ಚೌಕದಲ್ಲಿ ಜನ ಗುಂಪುಗೂಡಿ ಪಟಾಕಿ ಹೊಡೆದರು, ಷಾಂಪೇನ್ ಬಾಟಲಿ ತೆರೆದರು, ಕುಣಿದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ನಾವು ಹೇಳ್ತೀವಿ. ಅಧಿಕಾರದ ಕುರ್ಚಿಯನ್ನೇ ಕಾಣದ ಒಬ್ಬ ಮುದುಕ ಸತ್ತಾಗ ಒಂದು ದೇಶದ ಜನ ಬೀದಿಗೆ ಬಂದು ಕುಣಿಯೋದು ಅಂದರೆ ಏನು? ಇನ್ನೊಂದು ಕಡೆ, ಆತ ಹುಟ್ಟುಹಾಕಿದ ಪಕ್ಷಕ್ಕೆ ಇವತ್ತು ಆ ದೇಶದ ಮೂವರಲ್ಲಿ ಒಬ್ಬ ಓಟು ಹಾಕ್ತಾನೆ. ಈ ಎರಡೂ ಒಂದೇ ದೇಶದಲ್ಲಿ ಹೇಗೆ ಸಾಧ್ಯ? ಅದನ್ನೇ ಹೇಳ್ತೀನಿ ಕೇಳಿ.

ಲೆ ಪೆನ್ ಹುಟ್ಟಿದ್ದು 1928ರಲ್ಲಿ, ಬ್ರಿಟನಿ ಪ್ರಾಂತ್ಯದ ಲಾ ಟ್ರಿನಿಟೆ ಅನ್ನೋ ಕಡಲತೀರದ ಊರಿನಲ್ಲಿ. ಅಪ್ಪ ಮೀನುಗಾರ. 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಅಪ್ಪನ ದೋಣಿ ಸಮುದ್ರದಲ್ಲಿ ಸಿಡಿಗುಂಡಿಗೆ ತಾಗಿ ಛಿದ್ರವಾಯಿತು. ಹುಡುಗನಿಗೆ ಆಗ 14 ವರ್ಷ. ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡ ಮಕ್ಕಳನ್ನು ರಾಷ್ಟ್ರದ ಮಕ್ಕಳು ಅಂತ ಸ್ವೀಕರಿಸುವ ಕಾನೂನು ಫ್ರಾನ್ಸ್‌ನಲ್ಲಿದೆ. ಇವನೂ ಹಾಗೆ ರಾಷ್ಟ್ರದ ಮಗುವಾದ. ಮುಂದೆ ಜೀವನಪೂರ್ತಿ ದೇಶ ಅಂದ್ರೆ ನಾನು, ನಾನು ಅಂದ್ರೆ ದೇಶ ಅನ್ನೋ ಹಾಗೆ ಮಾತಾಡಿದ.

ಪ್ಯಾರಿಸ್‌ನಲ್ಲಿ ಕಾನೂನು ಓದಿದ. ವಿದ್ಯಾರ್ಥಿ ನಾಯಕನಾದ. ಭಾಷಣವೂ ಬರ್ತಿತ್ತು, ಹೊಡೆದಾಟವೂ ಬರ್ತಿತ್ತು. ಆಮೇಲೆ ವಿದೇಶಿ ಪಡೆ ಅಂತ ಕರೆಯುವ ಫಾರಿನ್ ಲೀಜನ್‌ನ ಪ್ಯಾರಾಟ್ರೂಪ್ ದಳ ಸೇರಿಕೊಂಡು ಇಂಡೋಚೈನಾಕ್ಕೆ, ಅಂದ್ರೆ ಇವತ್ತಿನ ವಿಯೆಟ್ನಾಂ ಕಡೆಗೆ ಹೋದ. ಆದರೆ ಈತ ಅಲ್ಲಿ ಮುಟ್ಟುವ ಹೊತ್ತಿಗೆ ಕಥೆ ಮುಗಿದಿತ್ತು. 1954ರ ಮೇ ತಿಂಗಳಲ್ಲಿ ಡಿಯೆನ್ ಬಿಯೆನ್ ಫು ಕೋಟೆ ಬಿದ್ದಿತ್ತು, ಫ್ರಾನ್ಸ್ ಸೋತಿತ್ತು. ಸೋತ ಸೇನೆಯ ಸೈನಿಕನ ಒಳಗೆ ಒಂದು ಕುದಿ ಇರುತ್ತೆ ನೋಡಿ: ನಾವು ಸೋಲಲಿಲ್ಲ, ರಾಜಕಾರಣಿಗಳು ನಮ್ಮನ್ನು ಸೋಲಿಸಿದರು ಅನ್ನೋ ಕುದಿ. ಅದನ್ನು ಹೊತ್ತುಕೊಂಡೇ ಮನೆಗೆ ಬಂದ.

ಬಂದವನಿಗೆ ಒಂದು ಬಾಗಿಲು ತೆರೆದಿತ್ತು. ಪಿಯರ್ ಪುಜಾಡ್ ಅನ್ನೋ ಅಂಗಡಿಕಾರ ತೆರಿಗೆ ಅಧಿಕಾರಿಗಳ ವಿರುದ್ಧ ದಂಗೆ ಎಬ್ಬಿಸಿದ್ದ. ಸಣ್ಣ ಅಂಗಡಿಯವರು, ಕುಶಲಕರ್ಮಿಗಳು ಎಲ್ಲ ಅವನ ಹಿಂದೆ ಹೋದರು. 1956ರ ಜನವರಿ ಚುನಾವಣೆಯಲ್ಲಿ ಆ ಪಕ್ಷದ 50ಕ್ಕೂ ಹೆಚ್ಚು ಮಂದಿ ಸಂಸತ್ತಿಗೆ ನುಗ್ಗಿದರು. ಅವರಲ್ಲಿ 27 ವರ್ಷದ ಲೆ ಪೆನ್ ಒಬ್ಬ. ಸಂಸದನಾದ ವರ್ಷವೇ ರಜೆ ಹಾಕಿ ಮತ್ತೆ ಸಮವಸ್ತ್ರ ತೊಟ್ಟ. ಮೊದಲು ಸೂಯೆಜ್, ಆಮೇಲೆ ಅಲ್ಜೀರಿಯಾ.

ಅಲ್ಜೀರಿಯಾದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು.

1957ರ ಜನವರಿಯಲ್ಲಿ ಅಲ್ಜಿಯರ್ಸ್ ನಗರದ ಪೊಲೀಸ್ ಅಧಿಕಾರವನ್ನು ಜನರಲ್ ಮಸ್ಸು ಅವರ ಪ್ಯಾರಾಟ್ರೂಪ್ ಡಿವಿಷನ್‌ಗೆ ಒಪ್ಪಿಸಲಾಯಿತು. ಸ್ವಾತಂತ್ರ್ಯ ಹೋರಾಟದ ಸಂಘಟನೆ ಕೆಫೆಗಳಲ್ಲಿ ಬಾಂಬ್ ಇಡ್ತಿತ್ತು, ಅಮಾಯಕರು ಸಾಯ್ತಿದ್ದರು, ಅದು ನಿಜ. ಉತ್ತರವಾಗಿ ಸೇನೆ ಮನೆಮನೆಗೆ ನುಗ್ಗಿ ಜನರನ್ನು ಎಳೆದೊಯ್ದು ಕರೆಂಟ್ ಶಾಕ್, ನೀರಿನ ಹಿಂಸೆ ಕೊಟ್ಟು ಬಾಯಿ ಬಿಡಿಸಿತು, ಅದೂ ನಿಜ. ಲೆ ಪೆನ್ ಆಗ ಅಲ್ಲಿ ಲೆಫ್ಟಿನೆಂಟ್. 1962ರಲ್ಲಿ ಒಂದು ಪತ್ರಿಕೆಗೆ ತಾನೇ ಹೇಳಿದ: ಮುಚ್ಚಿಡೋಕೆ ಏನೂ ಇಲ್ಲ, ಮಾಡಲೇಬೇಕಿತ್ತು, ಹಿಂಸೆ ಕೊಟ್ಟೆವು ಅಂತ. ಆಮೇಲೆ ಮಾತು ತಿರುಗಿಸಿದ. ನಾನು ಸೇನೆಯ ಬಗ್ಗೆ ಹೇಳಿದ್ದು, ನಾನು ಮಾಡಿಲ್ಲ ಅಂದ. ಕೊನೆಯವರೆಗೂ ನಿರಾಕರಿಸಿದ. 1962ರ ಕ್ಷಮಾದಾನದ ಕಾರಣ ಅವನ ಮೇಲೆ ಕ್ರಿಮಿನಲ್ ವಿಚಾರಣೆ ಆಗುವ ಹಾಗೇ ಇರಲಿಲ್ಲ.

ಆದರೆ ಒಂದು ಚೂರಿ ಉಳಿದುಕೊಂಡಿತ್ತು. 1957ರ ಮಾರ್ಚ್ ಮೊದಲ ವಾರದ ಒಂದು ರಾತ್ರಿ ಅಲ್ಜಿಯರ್ಸ್‌ನ ಕಸ್ಬಾ ಬಡಾವಣೆಯ ಮನೆಯೊಂದರಲ್ಲಿ ಸೈನಿಕರು ಮನೆಯ ಯಜಮಾನನನ್ನು ಹಿಂಸಿಸಿ ಕೊಂದರು. ಮಗನಿಗೆ 12 ವರ್ಷ. ಬೆಳಿಗ್ಗೆ ಮನೆಯಲ್ಲಿ ಬಿಟ್ಟುಹೋದ ಚೂರಿ ಆ ಹುಡುಗನಿಗೆ ಸಿಕ್ಕಿತು. ಅದರ ಒರೆಯ ಮೇಲೆ ಲೆ ಪೆನ್ ಹೆಸರು, ಅವನ ರೆಜಿಮೆಂಟಿನ ಹೆಸರು ಕೆತ್ತಿತ್ತು. ಹುಡುಗ ಅದನ್ನು ಬಚ್ಚಿಟ್ಟ. 45 ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದ. 2002ರಲ್ಲಿ ಲೆ ಮಾಂಡ್ ಪತ್ರಿಕೆ ಅಂಥ ಸಾಕ್ಷಿಗಳ ಮಾತನ್ನು ಪ್ರಕಟಿಸಿತು. ಲೆ ಪೆನ್ ಮಾನನಷ್ಟ ಮೊಕದ್ದಮೆ ಹಾಕಿದ. ಚೂರಿ ಪ್ಯಾರಿಸ್‌ನ ಕೋರ್ಟಿಗೆ ಬಂತು. ಲೆ ಪೆನ್ ಸೋತ.

ಇದೇ ಮನುಷ್ಯ 1958ರಲ್ಲಿ ಸಂಸತ್ತಿನಲ್ಲಿ ನಿಂತು ಏನು ಹೇಳಿದ್ದ ಗೊತ್ತಾ? ಮುಸ್ಲಿಮನೊಬ್ಬ ಪೂರ್ಣ ಪ್ರಮಾಣದ ಫ್ರೆಂಚ್ ಪ್ರಜೆ ಆಗೋದಕ್ಕೆ ಅವನ ಧರ್ಮದಲ್ಲಿ ಯಾವ ಅಡ್ಡಿಯೂ ಇಲ್ಲ ಅಂತ! ಹೌದು, ಇವನೇ. ಯಾಕೆ ಅಂದ್ರೆ ಆಗ ಅಲ್ಜೀರಿಯಾವನ್ನು ಉಳಿಸಿಕೊಳ್ಳಬೇಕಿತ್ತು. ನೆಲ ಬೇಕು ಅಂದ್ರೆ ನೆಲದ ಮೇಲಿನ ಜನರೂ ನಮ್ಮವರು ಅನ್ನಬೇಕಲ್ಲ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ನೆಲ ಕೈತಪ್ಪಿತು. ಅದೇ ಜನ ಕೂಲಿ ಹುಡುಕಿಕೊಂಡು ಫ್ರಾನ್ಸ್‌ಗೆ ಬಂದಾಗ ಶತ್ರುಗಳಾದರು. ಅಂದರೆ ಸಿದ್ಧಾಂತ ಅಂತ ನಾವು ಯಾವುದನ್ನು ಕರೀತೀವೋ ಅದರಲ್ಲಿ ಲೆಕ್ಕಾಚಾರ ಎಷ್ಟಿರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1962ರಲ್ಲಿ ಸಂಸತ್ ಸ್ಥಾನವೂ ಹೋಯಿತು. ಆಮೇಲಿನ 20 ವರ್ಷ ವನವಾಸ. ಗ್ರಾಮಫೋನ್ ರೆಕಾರ್ಡ್ ಕಂಪನಿ ನಡೆಸಿದ. ನಾಜಿ ಕಾಲದ ಹಾಡುಗಳ ರೆಕಾರ್ಡ್ ತಂದು, ಅದರ ಕವರ್ ಮೇಲಿನ ಬರಹಕ್ಕಾಗಿ ಕೋರ್ಟಿನಿಂದ ಶಿಕ್ಷೆ ಮಾಡಿಸಿಕೊಂಡ. 1972ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಫ್ರಂಟ್ ಪಕ್ಷ ಹುಟ್ಟಿತು. ಅದರ ಮೊದಲ ಖಜಾಂಚಿ ಹಿಟ್ಲರನ ವಾಫನ್ ಎಸ್‌ಎಸ್ ಪಡೆಯಲ್ಲಿ ಇದ್ದವನು. 1974ರ ಅಧ್ಯಕ್ಷ ಚುನಾವಣೆಯಲ್ಲಿ ಲೆ ಪೆನ್‌ಗೆ ಬಿದ್ದ ಓಟು ಶೇಕಡ ಒಂದೂ ಇಲ್ಲ. 1976ರಲ್ಲಿ ಅವನ ಮನೆಗೆ ಬಾಂಬ್ ಇಟ್ಟರು. ಹೆಂಡತಿ ಮಕ್ಕಳ ಸಮೇತ ಕೂದಲೆಳೆಯಲ್ಲಿ ಪಾರಾದ. ಕಿರಿ ಮಗಳು ಮರೀನ್‌ಗೆ ಆಗ 8 ವರ್ಷ. ಅದೇ ಸುಮಾರಿಗೆ ಸಿಮೆಂಟ್ ಉದ್ಯಮದ ವಾರಸುದಾರನೊಬ್ಬ ತನ್ನ ಆಸ್ತಿಯನ್ನು ಲೆ ಪೆನ್ ಹೆಸರಿಗೆ ಬರೆದು ಸತ್ತ. ಪ್ಯಾರಿಸ್ ಅಂಚಿನ ಬಂಗಲೆಯೂ ಸಿಕ್ಕಿತು. ಬಡ ಅಂಗಡಿಕಾರರ ಪರ ಮಾತಾಡಿದವನು ಬಂಗಲೆಯಲ್ಲಿ ಕೂತ. 1981ರಲ್ಲಿ ನಾಮಪತ್ರಕ್ಕೆ ಬೇಕಾದ 500 ಜನಪ್ರತಿನಿಧಿಗಳ ಸಹಿ ಕೂಡ ಹುಟ್ಟಲಿಲ್ಲ. ಮುಗೀತು ಇವನ ಕಥೆ ಅಂದುಕೊಂಡರು ಎಲ್ಲ.

ಮುಗೀಲಿಲ್ಲ. ಯಾಕೆ? ಕಾರಣ ಎರಡು.

ಮೊದಲನೆಯದು ಹೊಟ್ಟೆಪಾಡು. ಯುದ್ಧದ ನಂತರದ 30 ವರ್ಷ ಫ್ರಾನ್ಸ್‌ನ ಕಾರ್ಖಾನೆಗಳಿಗೆ ಕೈಗಳು ಸಾಲ್ತಿರಲಿಲ್ಲ. ಕಂಪನಿಗಳೇ ಅಲ್ಜೀರಿಯಾ, ಮೊರಾಕ್ಕೊ, ಪೋರ್ಚುಗಲ್‌ನಿಂದ ಜನರನ್ನು ಕರೆಸಿಕೊಂಡವು. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಉಕ್ಕು, ಕಲ್ಲಿದ್ದಲು, ಜವಳಿ ಒಂದೊಂದಾಗಿ ನೆಲಕಚ್ಚಿದವು. ಆಗ ಲೆ ಪೆನ್ ಪಕ್ಷದ ಪೋಸ್ಟರ್ ಗೋಡೆ ಮೇಲೆ ಬಂತು: ಹತ್ತು ಲಕ್ಷ ನಿರುದ್ಯೋಗಿಗಳು ಅಂದರೆ ಹತ್ತು ಲಕ್ಷ ವಲಸಿಗರು ಹೆಚ್ಚಾಗಿದ್ದಾರೆ ಅಂತ. ಒಂದನೇ ಕ್ಲಾಸಿನ ಕೂಡೋ ಕಳೆಯೋ ಲೆಕ್ಕ. ಆದರೆ ತಪ್ಪು ಲೆಕ್ಕ. ಬೀದಿ ಗುಡಿಸುವ ಅಲ್ಜೀರಿಯಾದವನು ವಾಪಸ್ ಹೋದರೆ ಮುಚ್ಚಿದ ಉಕ್ಕಿನ ಕಾರ್ಖಾನೆ ತೆರೆಯೋದಿಲ್ಲ. ಕೆಲಸ ಕಳೆದುಕೊಂಡವನಿಗೆ ಅರ್ಥಶಾಸ್ತ್ರ ಬೇಕಿರಲಿಲ್ಲ, ಉತ್ತರ ಬೇಕಿತ್ತು. ಉಳಿದ ಪಕ್ಷಗಳು ಉತ್ತರವನ್ನೇ ಕೊಡದೆ ಕೂತಿದ್ದಾಗ ಇವನು ತಪ್ಪು ಉತ್ತರ ಕೊಟ್ಟ. ಇವನಿಗೆ ಓಟು ಹಾಕಿದವರೆಲ್ಲ ರಾಕ್ಷಸರಲ್ಲ, ಅದನ್ನು ಮರೀಬೇಡಿ.

ಎರಡನೆಯದು ಟಿವಿ. ಇದು ನನ್ನ ಕಸುಬಿನ ವಿಷಯ, ಹಾಗಾಗಿ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

1982ರಲ್ಲಿ ಲೆ ಪೆನ್ ಅಧ್ಯಕ್ಷ ಮಿತ್ತರಾಂಡ್ ಅವರಿಗೆ ಪತ್ರ ಬರೆದ. ನಮ್ಮ ಪಕ್ಷವನ್ನು ಟಿವಿಯವರು ತೋರಿಸೋದೇ ಇಲ್ಲ ಅಂತ ದೂರು. ಆಗ ಅಲ್ಲಿದ್ದದ್ದು ಮೂರೇ ಚಾನೆಲ್, ಮೂರೂ ಸರ್ಕಾರದ್ದು. ಸಮಾಜವಾದಿ ಅಧ್ಯಕ್ಷರು ಸೌಜನ್ಯದಿಂದ ಉತ್ತರ ಬರೆದರು, ಟಿವಿ ಮುಖ್ಯಸ್ಥರಿಗೆ ಸೂಚನೆ ಹೋಗುತ್ತೆ ಅಂದರು. ಬಲಪಂಥದ ಓಟು ಒಡೆದರೆ ತಮಗೇ ಲಾಭ ಅನ್ನೋ ಎಣಿಕೆ ಅವರಿಗಿತ್ತು ಅಂತ ವಿರೋಧಿಗಳು ಇವತ್ತಿಗೂ ಹೇಳ್ತಾರೆ. 1984ರ ಫೆಬ್ರವರಿ 13ರಂದು ಲೆ ಪೆನ್‌ನನ್ನು ಆ ದೇಶದ ದೊಡ್ಡ ರಾಜಕೀಯ ಸಂದರ್ಶನ ಕಾರ್ಯಕ್ರಮಕ್ಕೆ ಕರೆದರು. ನೇರ ಪ್ರಸಾರ. ಮಧ್ಯದಲ್ಲಿ ಆತ ಇದ್ದಕ್ಕಿದ್ದಂತೆ ಎದ್ದು ನಿಂತ. ಕಮ್ಯುನಿಸ್ಟ್ ಆಳ್ವಿಕೆಗಳಲ್ಲಿ ಸತ್ತವರಿಗಾಗಿ ಮೌನ ಆಚರಿಸುತ್ತೇನೆ ಅಂತ ಸುಮ್ಮನೆ ನಿಂತುಬಿಟ್ಟ. ಸ್ಟುಡಿಯೋದಲ್ಲಿ ಆ್ಯಂಕರ್‌ಗೆ ಏನು ಮಾಡಬೇಕು ಅಂತ ತೋಚಲಿಲ್ಲ. ಮೌನಾಚರಣೆಯನ್ನು ಯಾರು ತಾನೇ ಅಡ್ಡಿಪಡಿಸ್ತಾರೆ? ಒಂದು ಮಾತೂ ಆಡದೆ ಕಾರ್ಯಕ್ರಮವನ್ನು ಕಬಳಿಸಿಬಿಟ್ಟ. ನಾಲ್ಕು ತಿಂಗಳ ನಂತರ ಯುರೋಪಿಯನ್ ಸಂಸತ್ತಿನ ಚುನಾವಣೆ. ಶೇಕಡ 11ರಷ್ಟು ಓಟು, 10 ಸೀಟು.

ನಾನೂ ಇಂಥವರನ್ನು ಕರೆದು ಕೂರಿಸಿದ್ದೀನಿ. ಹೆಸರು ಬೇಡ. ಆತ ಬಂದರೆ ಗಲಾಟೆ ಆಗುತ್ತೆ, ಗಲಾಟೆ ಆದರೆ ಟಿಆರ್‌ಪಿ ಬರುತ್ತೆ ಅಂತ ಗೊತ್ತಿದ್ದೇ ಕರೆದೆವು. ಒಂದು ಸಮುದಾಯದ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿದ. ನಾನು ತಡೆದೆ, ಆದರೆ ತಡವಾಗಿ ತಡೆದೆ. ಆ ವಾರ ನಂಬರ್ ಏರಿತ್ತು. ಮುಂದಿನ ವಾರ ಮತ್ತೆ ಕರೆದೆವು. ಹಾಗಾಗಿ 1984ರ ಆ ಆ್ಯಂಕರ್ ಬಗ್ಗೆ ನಗೋದಕ್ಕೆ ನನಗೆ ಹಕ್ಕಿಲ್ಲ.

1986ರ ಚುನಾವಣೆಗೆ ಮಿತ್ತರಾಂಡ್ ಚುನಾವಣಾ ಪದ್ಧತಿಯನ್ನೇ ಬದಲಿಸಿದರು. ಅಲ್ಲಿ ಮಾಮೂಲಾಗಿ ಕ್ಷೇತ್ರಕ್ಕೊಬ್ಬ, ಎರಡು ಸುತ್ತಿನ ಮತದಾನ. ಅದರ ಬದಲು ಓಟಿನ ಪ್ರಮಾಣಕ್ಕೆ ತಕ್ಕಂತೆ ಸೀಟು ಅಂತಾಯಿತು. ಲೆ ಪೆನ್ ಪಕ್ಷಕ್ಕೆ 35 ಸಂಸದರು ಸಿಕ್ಕರು. ಮರುವರ್ಷ ರೇಡಿಯೋ ಸಂದರ್ಶನವೊಂದರಲ್ಲಿ ಆತ ನಾಜಿಗಳ ವಿಷಾನಿಲ ಕೋಣೆಗಳನ್ನು ಎರಡನೇ ಮಹಾಯುದ್ಧದ ಇತಿಹಾಸದ ಒಂದು ಸಣ್ಣ ವಿವರ ಅಂದುಬಿಟ್ಟ. ಲಕ್ಷ ಲಕ್ಷ ಯಹೂದಿಗಳ ಸಾವು ಒಂದು ಸಣ್ಣ ವಿವರ! ಕೋರ್ಟು ಭಾರಿ ದಂಡ ಹಾಕಿತು. ಬಾಯಿ ಜಾರಿತು ಅಂದುಕೊಂಡಿರಾ? 1997ರಲ್ಲೂ ಹೇಳಿದ. 2015ರಲ್ಲೂ ಹೇಳಿದ. ಜಾರಿದ ಬಾಯಿ ಅಷ್ಟು ಸಲ ಒಂದೇ ಜಾಗಕ್ಕೆ ಹೋಗಿ ಬೀಳೋದಿಲ್ಲ.

ಇಷ್ಟಾದರೂ 1988ರಲ್ಲಿ ಶೇಕಡ 14, 1995ರಲ್ಲಿ 15. ಆಮೇಲೆ ಬಂತು 2002ರ ಏಪ್ರಿಲ್ 21. ಕಣದಲ್ಲಿ 16 ಅಭ್ಯರ್ಥಿಗಳು. ಎಡಪಂಥದ ಓಟು ಚೂರುಚೂರಾಯಿತು. ಅಧಿಕಾರದಲ್ಲಿದ್ದ ಪ್ರಧಾನಿ ಜೋಸ್ಪಿನ್‌ಗೆ ಶೇಕಡ 16.18, ಲೆ ಪೆನ್‌ಗೆ 16.86. ಎರಡು ಲಕ್ಷಕ್ಕೂ ಕಡಿಮೆ ಓಟಿನ ಅಂತರ. ಲೆ ಪೆನ್ ಎರಡನೇ ಸುತ್ತಿಗೆ! ಮೇ 1ರಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಬೀದಿಗಿಳಿದರು. ಜೀವಮಾನವೆಲ್ಲ ಶಿರಾಕ್‌ರನ್ನು ಬೈದಿದ್ದ ಎಡಪಂಥೀಯರು ಹೋಗಿ ಶಿರಾಕ್‌ಗೇ ಓಟು ಹಾಕಿದರು. ಶಿರಾಕ್ ಒಂದು ಕೆಲಸ ಮಾಡಿದರು, ಲೆ ಪೆನ್ ಜೊತೆ ಟಿವಿ ಚರ್ಚೆಗೆ ಕೂರೋದಿಲ್ಲ ಅಂದುಬಿಟ್ಟರು. ಫಲಿತಾಂಶ: ಶಿರಾಕ್ 82, ಲೆ ಪೆನ್ 18. ಜನ ನಿಟ್ಟುಸಿರು ಬಿಟ್ಟರು. ಸೋಲಿಸಿದೆವು ಅಂದುಕೊಂಡರು.

ಈಗ ಮುಂದಿನದ್ದು ನೋಡಿ. 2007ರಲ್ಲಿ ಲೆ ಪೆನ್ ಶೇಕಡ 10ಕ್ಕೆ ಕುಸಿದ. ಗೆದ್ದ ಸಾರ್ಕೋಜಿ ಏನು ಮಾಡಿದರು? ವಲಸೆ ಮತ್ತು ರಾಷ್ಟ್ರೀಯ ಅಸ್ಮಿತೆಗೆ ಅಂತಲೇ ಒಂದು ಹೊಸ ಖಾತೆ ತೆರೆದರು. ಅಂಗಡಿ ಲೆ ಪೆನ್‌ದು ಮುಚ್ಚಿತು, ಸರಕು ಮಾತ್ರ ಪಕ್ಕದ ಅಂಗಡಿಯಲ್ಲಿ ಮಾರಾಟವಾಯಿತು. 2011ರಲ್ಲಿ ಮಗಳು ಮರೀನ್ ಪಕ್ಷದ ಚುಕ್ಕಾಣಿ ಹಿಡಿದಳು. ಅಪ್ಪನ ಬಾಯಿಯೇ ಪಕ್ಷಕ್ಕೆ ಅಡ್ಡಿ ಅಂತ ಅವಳಿಗೆ ಗೊತ್ತಿತ್ತು. 2015ರಲ್ಲಿ ಹೆತ್ತ ಅಪ್ಪನನ್ನೇ, ಪಕ್ಷ ಕಟ್ಟಿದವನನ್ನೇ ಉಚ್ಚಾಟಿಸಿದಳು. 2018ರಲ್ಲಿ ಪಕ್ಷದ ಹೆಸರನ್ನೂ ಬದಲಿಸಿದಳು. 2022ರ ಎರಡನೇ ಸುತ್ತಿನಲ್ಲಿ ಅವಳಿಗೆ ಶೇಕಡ 41. ಅಪ್ಪನ 18 ಎಲ್ಲಿ, ಮಗಳ 41 ಎಲ್ಲಿ! 2023ರ ಡಿಸೆಂಬರ್‌ನಲ್ಲಿ ಮ್ಯಾಕ್ರನ್ ಸರ್ಕಾರ ತಂದ ವಲಸೆ ಕಾನೂನನ್ನು ನೋಡಿ, ಇದು ನಮ್ಮ ಸೈದ್ಧಾಂತಿಕ ಗೆಲುವು ಅಂತ ಅವಳು ಘೋಷಿಸಿದಳು. ಆ ಕಾನೂನಿನ ಮೂರನೇ ಒಂದಕ್ಕೂ ಹೆಚ್ಚು ಭಾಗವನ್ನು ಸಂವಿಧಾನ ಮಂಡಳಿ ಆಮೇಲೆ ಹೊಡೆದುಹಾಕಿತು, ಅದು ಬೇರೆ ಮಾತು. 2024ರ ಸಂಸತ್ ಚುನಾವಣೆಯ ಮೊದಲ ಸುತ್ತಿನಲ್ಲಿ ಅವರದೇ ಮೊದಲ ಸ್ಥಾನ. ಎರಡನೇ ಸುತ್ತಿನಲ್ಲಿ ಉಳಿದವರೆಲ್ಲ ಕೈಜೋಡಿಸಿ ತಡೆದರು. ಆದರೆ 2002ರ ಹಾಗೆ ಹತ್ತು ಲಕ್ಷ ಜನ ಒಂದೇ ದಿನ ಬೀದಿಗೆ ಬರಲಿಲ್ಲ. ಅಭ್ಯಾಸವಾಗಿತ್ತು.

ಡೆಸ್ಕ್‌ನ ಹುಡುಗನಿಗೆ ನಾನು ಕೊಟ್ಟ ಉತ್ತರ ಇದೇ. ಲೆ ಪೆನ್ ಕುರ್ಚಿ ಗೆಲ್ಲಲಿಲ್ಲ. ಯಾವ ಮಾತನ್ನು ಆಡಿದರೆ ಒಂದು ಕಾಲದಲ್ಲಿ ಊರೇ ಛೀ ಅಂತಿತ್ತೋ, ಆ ಮಾತನ್ನು ಮನೆಮನೆಯ ಊಟದ ಮೇಜಿನ ಮೇಲೆ ತಂದಿಟ್ಟ. ಓಟಿನ ಸೋಲನ್ನು ಎಣಿಸಬಹುದು, ಇದನ್ನು ಎಣಿಸೋ ಯಂತ್ರ ಯಾವ ಚುನಾವಣಾ ಆಯೋಗದ ಹತ್ತಿರವೂ ಇಲ್ಲ. ಇತಿಹಾಸವೇ ತೀರ್ಪು ಕೊಡಲಿ ಅಂತ ಅಧ್ಯಕ್ಷ ಮ್ಯಾಕ್ರನ್ ಕಚೇರಿ ಹೇಳಿತು. ಇತಿಹಾಸ ನಿಧಾನವಾಗಿ ಬರುತ್ತೆ. 12 ವರ್ಷದ ಹುಡುಗನ ಕೈಯಲ್ಲಿದ್ದ ಚೂರಿ ಕೋರ್ಟಿಗೆ ಬರೋದಕ್ಕೂ 45 ವರ್ಷಕ್ಕೂ ಹೆಚ್ಚು ಹಿಡಿಯಿತು.

ಆ ಹುಡುಗ ಕೇಳಿಸಿಕೊಂಡ. "ಹಂಗಾದ್ರೆ ಸರ್, ನಾಳೆ ಚರ್ಚೆಗೆ ಯಾರನ್ನ ಕರೀಲಿ?" ಅಂದ. ಎಂದಿನ ಪಟ್ಟಿ ತೆಗೆದು ನನ್ನ ಮುಂದಿಟ್ಟ. ಅದರಲ್ಲಿ ಆ ಹೆಸರೂ ಇತ್ತು. ಪೆನ್ನು ತೆಗೆದು ಅದೊಂದನ್ನು ಹೊಡೆದುಹಾಕಿದೆ. ಈ ವಾರ ನಂಬರ್ ಸ್ವಲ್ಪ ಇಳಿಯಬಹುದು. ಇಳಿಯಲಿ.