ಮನುಷ್ಯನ ಮೋಸವೂ ದೇವರ ಮಾತೂ

ಕನ್ನಡನಾಡಿನ ಕ್ರೈಸ್ತರಲ್ಲಿ ಬಹುಮಂದಿ ತಮ್ಮ ಧರ್ಮಗ್ರಂಥವನ್ನು ‘ಸತ್ಯವೇದ’ವೆಂದು ಕರೆಯುತ್ತಾರೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದೀರ್ಘ ಪರಿಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಗಿ ಬಂದಿತು. ‘ಬೈಬಲ್’ ಎಂಬುದರ ಮೂಲವಾದ ಗ್ರೀಕ್ ಪದಕ್ಕೆ ‘ಪುಸ್ತಕಗಳು’ ಎಂದಷ್ಟೇ ಅರ್ಥ. ‘ಸತ್ಯ’ವೆಂಬುದು ಇಲ್ಲಿ ಬಂದು ಸೇರಿದ ಮಾತು. ಆದರೆ ಮನುಷ್ಯರೇ ಬರೆದು, ಮನುಷ್ಯರೇ ತರ್ಜುಮೆ ಮಾಡಿ, ಮನುಷ್ಯರೇ ಓದಿ ಹೇಳುವ ಗ್ರಂಥವನ್ನು ಸತ್ಯವೆಂದು ನಂಬುವುದು ಹೇಗೆ? ಮನುಷ್ಯನಾದರೋ ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ. ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಮೊದಲು ಎಬ್ಬಿಸಿದವರು ಅಕ್ಷರವನ್ನೇ ಅರಿಯದ ನನ್ನ ತಾತ.

ತಾತನಿಗೆ ಒಂದು ಎಕರೆ ಹೊಲವಿತ್ತು. ಮಗಳ ಮದುವೆಗೆಂದು ಸಾಹುಕಾರರೊಬ್ಬರಲ್ಲಿ ಸಾಲ ಮಾಡಿದರು. ಹೊಲವನ್ನು ಭೋಗ್ಯಕ್ಕೆ ಕೊಟ್ಟ ಪತ್ರವೆಂದು ಓದಿ ಹೇಳಿ ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಾಲ ತೀರಿಸಲು ಹೋದಾಗ ಅದು ಕ್ರಯಪತ್ರವೆಂದು ತಿಳಿಯಿತು. ಬರೆದದ್ದು ಒಂದು, ಓದಿದ್ದು ಇನ್ನೊಂದು. ಹೊಲ ಹೋಯಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ರಜೆಯಲ್ಲಿ ಊರಿಗೆ ಹೋದಾಗ ಸಂಜೆ ತಾತನಿಗೆ ಸತ್ಯವೇದವನ್ನು ಓದಿ ಹೇಳುವುದುಂಟು. ಒಂದು ದಿನ ಆದಿಕಾಂಡದಲ್ಲಿ ಬರುವ ಯಾಕೋಬನ ಕಥೆಯನ್ನು ಓದುತ್ತಿದ್ದೆ. ತಾತ ನಡುವೆ ತಡೆದು, “ಮಗಾ, ಅಲ್ಲಿ ಬರೆದಿರೋದನ್ನೇ ಓದ್ತಾ ಇದ್ದೀಯಾ?” ಎಂದು ಕೇಳಿದರು. ಮೊದಲು ನಗು ಬಂದಿತು. ಮರುಕ್ಷಣವೇ ಹೊಲದ ಪತ್ರ ನೆನಪಾಗಿ ನಾಚಿಕೆಯಾಯಿತು.

ತಾತನ ಸಂಶಯಕ್ಕೆ ಕಾರಣವಿಲ್ಲದಿರಲಿಲ್ಲ. ಇಸಾಕನು ಮುದುಕನಾಗಿ ಕಣ್ಣು ಮಂಜಾದಾಗ, ಹಿರಿಯ ಮಗ ಏಸಾವನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಕಿರಿಯ ಮಗ ಯಾಕೋಬನು ಅಪಹರಿಸುತ್ತಾನೆ. ತಾಯಿ ರೆಬೆಕ್ಕಳೇ ಅವನ ಕೈಗೂ ಕೊರಳಿಗೂ ಆಡಿನ ಮರಿಯ ಚರ್ಮವನ್ನು ಸುತ್ತಿ ಕಳುಹಿಸುತ್ತಾಳೆ. ಕುರುಡ ತಂದೆ ಧ್ವನಿಯನ್ನು ಕೇಳಿ ಸಂಶಯಪಡುತ್ತಾನೆ. ಕೈಯನ್ನು ಮುಟ್ಟಿ ಮೋಸಹೋಗುತ್ತಾನೆ. ಇಂತಹವನು ದೇವಜನರ ಮೂಲಪುರುಷನೇ? ಪವಿತ್ರಗ್ರಂಥದಲ್ಲಿ ಹೀಗೆ ಬರೆದಿರುವುದುಂಟೇ? ಇದು ತಾತನ ಆಶ್ಚರ್ಯ.

ಬರೆದಿರುವುದು ಹೀಗೆಯೇ. ಮೋಸದ ಫಲವನ್ನೂ ಗ್ರಂಥವು ಮರೆಮಾಚುವುದಿಲ್ಲ. ಯಾಕೋಬನು ಮಾವನಾದ ಲಾಬಾನನ ಮನೆಯಲ್ಲಿ ರಾಹೇಲಳಿಗಾಗಿ ಏಳು ವರ್ಷ ದುಡಿದರೆ, ಮದುವೆಯ ರಾತ್ರಿ ಅವನಿಗೆ ಸಿಕ್ಕಿದವಳು ಅವಳ ಅಕ್ಕ ಲೇಯಳು. ಮುಂದೆ ಅವನ ಮಕ್ಕಳು ತಮ್ಮನಾದ ಯೋಸೇಫನನ್ನು ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿ, ಅವನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದೆಗೆ ತೋರಿಸುತ್ತಾರೆ. ಆಡಿನ ಚರ್ಮದಿಂದ ತಂದೆಯನ್ನು ವಂಚಿಸಿದವನು ಆಡಿನ ರಕ್ತದಿಂದಲೇ ವಂಚಿತನಾದನು.

ಈ ವಂಚನೆಗಳ ನಡುವೆ ಒಂದು ಮಾತು ಮಾತ್ರ ಅಲುಗದೆ ನಿಂತಿದೆ. ಮನೆಬಿಟ್ಟು ಓಡಿಹೋಗುತ್ತಿದ್ದ ಯಾಕೋಬನು ಬೇತೇಲಿನಲ್ಲಿ ಕಲ್ಲನ್ನು ತಲೆದಿಂಬಾಗಿಟ್ಟು ಮಲಗಿದಾಗ, ತಾನು ಅವನೊಡನಿದ್ದು ಪುನಃ ಈ ನಾಡಿಗೆ ಕರೆತರುವುದಾಗಿ ದೇವರು ಮಾತು ಕೊಡುತ್ತಾನೆ. ಇಪ್ಪತ್ತು ವರ್ಷಗಳ ತರುವಾಯ ಆ ಮಾತು ನೆರವೇರುತ್ತದೆ. ಮಾತನ್ನು ಪಡೆದವನ ಯೋಗ್ಯತೆಯಿಂದಲ್ಲ, ಕೊಟ್ಟವನ ಸ್ವಭಾವದಿಂದ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ವಾದಿಸುವುದೂ ಇದನ್ನೇ: ಮನುಷ್ಯರ ಅಪನಂಬಿಗಸ್ತಿಕೆಯು ದೇವರ ನಂಬಿಗಸ್ತಿಕೆಯನ್ನು ಅಳಿಸಲಾರದು. ಹೀಬ್ರೂ ಭಾಷೆಯಲ್ಲಿ ಸತ್ಯಕ್ಕೆ ‘ಎಮೆತ್’ ಎನ್ನುತ್ತಾರೆ. ಪ್ರಾರ್ಥನೆಯ ಕೊನೆಯಲ್ಲಿ ಹೇಳುವ ‘ಆಮೆನ್’ ಅದೇ ಧಾತುವಿನಿಂದ ಹುಟ್ಟಿದ ಪದ. ಸ್ಥಿರವಾಗಿರುವುದು, ಭಾರವನ್ನು ತಾಳುವುದು ಎಂಬುದು ಆ ಧಾತುವಿನ ಭಾವ. ಅವರಿಗೆ ಸತ್ಯವೆಂದರೆ ಒರಗಿದರೆ ಕುಸಿಯದ ಗೋಡೆ.

ಆದರೆ ದೇವರ ಹೆಸರಿನಲ್ಲಿಯೇ ಸುಳ್ಳು ಹೇಳಿದರೆ? ಇದಕ್ಕೂ ಗ್ರಂಥದಲ್ಲಿ ನಿದರ್ಶನವಿದೆ. ಬಾಬೆಲಿನ ಅರಸನು ದೇವಾಲಯದಿಂದ ಕೊಂಡೊಯ್ದ ಪಾತ್ರೆಗಳು ಎರಡೇ ವರ್ಷಗಳಲ್ಲಿ ಹಿಂದಿರುಗುವುವೆಂದು ಹನನ್ಯನೆಂಬ ಪ್ರವಾದಿ ಜೆರುಸಲೇಮಿನ ಜನರಿಗೆ ಸಾರಿದನು. ಯೆರೆಮೀಯನು ಅದಕ್ಕೆ ‘ಆಮೆನ್, ಹಾಗೆಯೇ ಆಗಲಿ’ ಎಂದೇ ಹಾರೈಸಿದನು. ಆದರೆ ನೆರವೇರಿದಾಗಲೇ ಅದು ದೇವರ ಮಾತೆಂದು ತಿಳಿಯುವುದೆಂದನು. ಅವನಿಗೆ ಸಿಕ್ಕಿದ್ದ ದೈವೋಕ್ತಿಯೋ ಎಪ್ಪತ್ತು ವರ್ಷಗಳ ದಾಸ್ಯವನ್ನು ಕುರಿತದ್ದು. ಕ್ರಿ. ಪೂ. 587ರ ಸುಮಾರಿಗೆ ಪಟ್ಟಣವೇ ಹಾಳಾಯಿತು. ಜನರಿಗೆ ಹಿತವಾಗಿದ್ದುದು ಸುಳ್ಳಾಯಿತು, ಕಹಿಯಾಗಿದ್ದುದು ನಿಜವಾಯಿತು. ಮೋಸದ ಮಾತು ಕೇಳುವವನ ಆಸೆಯನ್ನು ನೋಡಿ ಹುಟ್ಟುತ್ತದೆ. ಸಾಹುಕಾರರೂ ತಾತನಿಗೆ ಓದಿ ಹೇಳಿದ್ದು ತಾತ ಕೇಳಲು ಬಯಸಿದ್ದನ್ನೇ.

ಇದು ನಂಬಿಕೆಯ ವಿಷಯವೆಂಬುದನ್ನು ನಾನು ಬಲ್ಲೆ. ಇತಿಹಾಸದ ಪ್ರಮಾಣಗಳಿಂದ ಎಲ್ಲರನ್ನೂ ಒಪ್ಪಿಸಲಾರೆ. ಆದರೆ ತನ್ನವರ ದೋಷಗಳನ್ನು ಮುಚ್ಚಿಡದ ಗ್ರಂಥವು ವಂಚಕನ ಪತ್ರದಂತಲ್ಲ ಎಂಬುದನ್ನು ನಂಬದ ಮಿತ್ರರೂ ಒಪ್ಪಬಹುದು.

ಇನ್ನೊಂದು ಎಚ್ಚರಿಕೆಯ ಮಾತಿದೆ. ಅರಣ್ಯದಲ್ಲಿ ಯೇಸುವನ್ನು ಶೋಧಿಸಲು ಬಂದ ಸೈತಾನನೂ ಶಾಸ್ತ್ರವಚನವನ್ನೇ ಉದ್ಧರಿಸಿದನೆಂದು ಸುವಾರ್ತೆ ಹೇಳುತ್ತದೆ. ಮಾತು ಸತ್ಯವಾಗಿದ್ದ ಮಾತ್ರಕ್ಕೆ ಓದುವವನು ಸತ್ಯವಂತನಾಗಲಾರನು. ಪದವಿ ಪಡೆದು ನಾಳೆ ನಾವು ಗುಮಾಸ್ತರೋ, ಉಪಾಧ್ಯಾಯರೋ, ವಕೀಲರೋ ಆಗುವೆವು. ನಮ್ಮೆದುರಿಗೆ ಅನೇಕರು ಹೆಬ್ಬೆಟ್ಟು ನೀಡಿ ನಿಲ್ಲುವರು.

ಆ ಸಂಜೆ ನಾನು ತಾತನ ಬೆರಳನ್ನು ಹಿಡಿದು ಸಾಲಿನ ಮೇಲೆ ಇಟ್ಟು, “ಇಲ್ಲಿರೋದನ್ನೇ ಓದ್ತಾ ಇದ್ದೀನಿ ತಾತಾ” ಎಂದೆ. ಅವರು ಬೆರಳನ್ನು ತೆಗೆಯದೆ, “ಹಾಗಾದ್ರೆ ಮುಂದಕ್ಕೆ ಓದು” ಎಂದರು. ನನ್ನ ವಿದ್ಯೆಗೆ ದೊರೆತ ಮೊದಲ ಪದವಿ ಅದೇ ಎಂದು ನಾನು ಭಾವಿಸಿದ್ದೇನೆ.