ಬಂದು ಹೋಗುವ ವಿದ್ಯುತ್ ದೋಷ: ಬಿಡಿಭಾಗ ಬದಲಿಸುವ ಮುನ್ನ ಅರ್ತ್ ನೋಡಿ

ಬೆಳಿಗ್ಗೆ ಒಂದೇ ಬಾರಿಗೆ ಸ್ಟಾರ್ಟ್ ಆದ ಪಿಕಪ್ ವಾಹನ, ಮಧ್ಯಾಹ್ನ ಮಾರುಕಟ್ಟೆಯಲ್ಲಿ ಸರಕು ಇಳಿಸಿದ ಮೇಲೆ 'ಟಕ್' ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ನಾಲ್ವರು ಸೇರಿ ತಳ್ಳಿದರೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದಾಗ ಮಾತ್ರ ಹತ್ತು ಬಾರಿ ಕೀ ತಿರುಗಿಸಿದರೆ ಹತ್ತು ಬಾರಿಯೂ ಸರಿಯಾಗಿಯೇ ಸ್ಟಾರ್ಟ್ ಆಗುತ್ತದೆ. ತರಕಾರಿ, ಹಾಲು, ಸಿಮೆಂಟ್ ಹೊತ್ತು ರಾಜ್ಯದ ರಸ್ತೆಗಳಲ್ಲಿ ಓಡಾಡುವ ಹಳೆಯ ಪಿಕಪ್‌ಗಳ ಮಾಲೀಕರಿಗೆ ಈ ಕಾಟ ಚಿರಪರಿಚಿತ.

ಮುಂದೇನಾಗುತ್ತದೆ ಎಂಬುದೂ ಬಹುತೇಕ ಒಂದೇ ಕಥೆ. ಮೊದಲು ಬ್ಯಾಟರಿ ಬದಲಾಗುತ್ತದೆ, ನಂತರ ಸೆಲ್ಫ್ ಮೋಟಾರ್, ಆಮೇಲೆ ಡೈನಮೋ. ಸಾವಿರಾರು ರೂಪಾಯಿ ವ್ಯಯವಾದರೂ ದೋಷ ಮಾತ್ರ ಹಾಗೆಯೇ ಉಳಿಯುತ್ತದೆ. ಕಾರಣ ಸರಳ. ಬಂದು ಹೋಗುವ ದೋಷದ ಮೂಲ ಅನೇಕ ವೇಳೆ ಬಿಡಿಭಾಗದಲ್ಲಿರದೆ, ಅವುಗಳನ್ನು ಬೆಸೆಯುವ ತಂತಿ ಮತ್ತು ಜೋಡಣೆಗಳಲ್ಲಿ ಇರುತ್ತದೆ.

ಬಂದು ಹೋಗುವುದೇಕೆ?

ಪೂರ್ತಿ ತುಂಡಾದ ತಂತಿಯನ್ನು ಪತ್ತೆಹಚ್ಚುವುದು ಸುಲಭ. ಅರ್ಧ ಕೆಟ್ಟ ಜೋಡಣೆಯದೇ ಕಷ್ಟ. ಅದು ಬಿಸಿಗೆ ಹಿಗ್ಗುತ್ತದೆ, ರಸ್ತೆ ಗುಂಡಿಗಳಲ್ಲಿ ಅಲುಗಾಡುತ್ತದೆ, ಮಳೆಯಲ್ಲಿ ತೇವ ಹೀರುತ್ತದೆ. ಕರಾವಳಿಯ ಉಪ್ಪು ಗಾಳಿ, ಮಲೆನಾಡಿನ ಮಳೆಗೆ ಸಿಕ್ಕ ವಾಹನಗಳ ತಾಮ್ರದ ತಂತಿಗಳಿಗೆ ಹಸಿರು ಕಿಲುಬು ಹಿಡಿಯುವುದೂ ಬೇಗ.

ಆದ್ದರಿಂದ ಮೊದಲು ಬೇಕಾದದ್ದು ಸ್ಪ್ಯಾನರ್ ಅಲ್ಲ, ಒಂದು ಪುಟ್ಟ ಪುಸ್ತಕ. ದೋಷ ಕಾಣಿಸಿದ್ದು ಎಂಜಿನ್ ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ, ಮಳೆಯಲ್ಲೋ, ಹೊರೆ ತುಂಬಿದಾಗಲೋ, ಆಗ ಇನ್ನಾವ ದೀಪ ಮಂಕಾಯಿತು ಎಂಬುದನ್ನು ಚಾಲಕ ಬರೆದಿಟ್ಟರೆ ಹುಡುಕಾಟ ಅರ್ಧ ಮುಗಿದಂತೆ.

ಅಳತೆ ಏನು ಹೇಳುತ್ತದೆ?

ಎರಡನೆಯ ಅಗತ್ಯ ಮಲ್ಟಿಮೀಟರ್. ಪೂರ್ಣ ಚಾರ್ಜ್ ಆಗಿ, ಕೆಲ ಗಂಟೆ ವಿಶ್ರಾಂತಿಯಲ್ಲಿರುವ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧದಷ್ಟು ಮಾತ್ರ ಚಾರ್ಜ್ ಉಳಿದಿದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ 13.8ರಿಂದ 14.5 ವೋಲ್ಟ್ ಇದ್ದರೆ ಡೈನಮೋ ಚಾರ್ಜ್ ಮಾಡುತ್ತಿದೆ.

ನಿರ್ಣಾಯಕ ಪರೀಕ್ಷೆ ನಡೆಯಬೇಕಾದದ್ದು ದೋಷ ಕಾಣಿಸಿಕೊಂಡ ಕ್ಷಣದಲ್ಲೇ. ಕೀ ತಿರುಗಿಸಿದಾಗ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಕ್ಕೆ ಕುಸಿದರೆ ಬ್ಯಾಟರಿ ದುರ್ಬಲವಾಗಿದೆ ಅಥವಾ ಸೆಲ್ಫ್ ಬಿಗಿಯಾಗಿದೆ ಎಂದು ಶಂಕಿಸಬಹುದು. ಸೆಲ್ಫ್ ತಿರುಗದಿದ್ದರೂ ಬ್ಯಾಟರಿ 12 ವೋಲ್ಟ್ ತೋರಿಸುತ್ತಿದ್ದರೆ ಅದು ನಿರಪರಾಧಿ. ಆಗ ಟರ್ಮಿನಲ್, ಕೇಬಲ್, ಕೀ ಸ್ವಿಚ್, ಸೊಲೆನಾಯ್ಡ್, ಅರ್ತ್‌ಗಳ ನಡುವೆ ಎಲ್ಲೋ ತಡೆ ಇದೆ.

ಮರೆತುಹೋಗುವ ಅರ್ಧ ದಾರಿ

ವಾಹನದಲ್ಲಿ ವಿದ್ಯುತ್ ಪ್ಲಸ್ ತಂತಿಯಲ್ಲಿ ಹೋಗಿ, ಲೋಹದ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುತ್ತದೆ. ಈ ಮರಳುವ ದಾರಿಯನ್ನೇ ಮೆಕ್ಯಾನಿಕ್‌ಗಳು 'ಬಾಡಿ ಅರ್ತ್' ಎನ್ನುತ್ತಾರೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುವುದರಿಂದ ಅದನ್ನು ಚಾಸಿಸ್‌ಗೆ ಸೇರಿಸಲು ದಪ್ಪನೆಯ ಅರ್ತ್ ಪಟ್ಟಿ ಇರುತ್ತದೆ. ಹಲವು ರಿಪೇರಿಗಳನ್ನು ಕಂಡ ಹಳೆಯ ವಾಹನದಲ್ಲಿ ಈ ಪಟ್ಟಿಯನ್ನು ಬಣ್ಣದ ಮೇಲೆಯೇ ಬಿಗಿದಿರಬಹುದು, ಹಾಕುವುದನ್ನೇ ಮರೆತಿರಲೂಬಹುದು. ಆಗ ಸೆಲ್ಫ್‌ಗೆ ಬೇಕಾದ ನೂರಾರು ಆಂಪಿಯರ್ ವಿದ್ಯುತ್ ಆಕ್ಸಿಲರೇಟರ್ ಕೇಬಲ್‌ನಂತಹ ಅಡ್ಡದಾರಿ ಹಿಡಿದು ಅದನ್ನೇ ಸುಡಬಲ್ಲದು.

ಪರೀಕ್ಷೆ ಸುಲಭ. ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್‌ನ ಶುಭ್ರ ಲೋಹಕ್ಕೆ ತಾಗಿಸಿ, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಸುಮಾರು 0.2ರಿಂದ 0.3 ವೋಲ್ಟ್‌ನೊಳಗೆ ಇದ್ದರೆ ಅರ್ತ್ ಸರಿಯಿದೆ. 1 ವೋಲ್ಟ್ ದಾಟಿದರೆ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಮತ್ತೆ ಬಿಗಿಯಬೇಕು.

ತಂತಿ ಸರಿಯಿದೆಯೇ ಎಂದು ಮೀಟರ್‌ನ 'ಬೀಪ್' ಸದ್ದನ್ನಷ್ಟೇ ನಂಬುವುದು ತಪ್ಪು. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಏಕೆಂದರೆ ಅದು ಹರಿಸುವುದು ಅತ್ಯಲ್ಪ ವಿದ್ಯುತ್. ಹೊರೆ ಬಿದ್ದಾಗಲೇ ಅಂತಹ ತಂತಿಯ ಬಣ್ಣ ಬಯಲಾಗುವುದು.

ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಜತೆಗೆ ಮಿಣುಕಿದರೆ, ಬ್ರೇಕ್ ಒತ್ತಿದಾಗ ಬೇರಾವುದೋ ದೀಪ ಮಂಕಾಗಿ ಹೊತ್ತಿದರೆ ಅದೂ ಅರ್ತ್ ದೋಷದ ಲಕ್ಷಣವೇ. ಸ್ವಂತ ದಾರಿ ಕಾಣದ ವಿದ್ಯುತ್ ಪಕ್ಕದ ಬಲ್ಬಿನ ಮೂಲಕ ಮರಳುತ್ತಿರುತ್ತದೆ.

ಮಂಕಾಗುವ ಹೆಡ್‌ಲೈಟ್

60 ವ್ಯಾಟ್‌ನ ಎರಡು ಬಲ್ಬ್‌ಗಳು ಸುಮಾರು 10 ಆಂಪಿಯರ್ ವಿದ್ಯುತ್ ಎಳೆಯುತ್ತವೆ. ಇವೆರಡಕ್ಕೂ ಸೇರಿದ ಒಂದು ಜೋಡಣೆಯಲ್ಲಿ ಕೇವಲ 0.2 ಓಮ್ ತಡೆ ಹುಟ್ಟಿದರೂ ಸುಮಾರು 2 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಳೆದುಹೋದ ಸುಮಾರು 20 ವ್ಯಾಟ್ ಶಾಖವಾಗಿ ಪ್ಲಾಸ್ಟಿಕ್ ಕಪ್ಲರ್ ಅನ್ನು ಕರಗಿಸುತ್ತದೆ. ರಾತ್ರಿ ಘಾಟಿ ಇಳಿಯುವ ವಾಹನದ ಹೆಡ್‌ಲೈಟ್ ಹಠಾತ್ತನೆ ಆರಿದರೆ ಏನಾಗಬಹುದೆಂದು ಬೇರೆ ಹೇಳಬೇಕಿಲ್ಲ.

ದೋಷವನ್ನು ಕರೆಸುವುದು ಹೇಗೆ?

ಗ್ಯಾರೇಜಿನಲ್ಲಿ ಅಡಗಿ ಕೂರುವ ದೋಷವನ್ನು ಬರುವಂತೆ ಮಾಡಬೇಕು. ದೀಪ ಉರಿಸಿಟ್ಟು ವೈರಿಂಗ್ ಅನ್ನು ಅಂಗುಲ ಅಂಗುಲವಾಗಿ ಅಲುಗಾಡಿಸುವುದು, ಸಂಶಯವಿರುವ ರಿಲೇಗೆ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಕೊಡುವುದು, ಕಪ್ಲರ್ ಮೇಲೆ ನೀರು ಸಿಂಪಡಿಸುವುದು ಇದರ ವಿಧಾನಗಳು. ತಂತಿಗಳು ಬಾಗಿಲ ಕೀಲು, ಕ್ಯಾಬಿನ್ ಗೋಡೆಯ ತೂತು, ಚಾಸಿಸ್ ಅಂಚುಗಳಲ್ಲಿ ಉಜ್ಜಿ ಸವೆಯುವುದು ಹೆಚ್ಚು. ಹಾರ್ನ್, ಟೇಪ್‌ರೆಕಾರ್ಡರ್, ಅಲಂಕಾರದ ದೀಪಗಳಿಗೆಂದು ಹೊಸೆದು ಟೇಪ್ ಸುತ್ತಿದ ಜೋಡಣೆಗಳನ್ನು ಮೊದಲು ನೋಡಬೇಕು.

ಹಳೆಯ ಡೀಸೆಲ್ ವಾಹನ ಓಡುತ್ತಿರುವಾಗಲೇ ಒಮ್ಮೆಗೇ ನಿಂತು, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಹೊರಟರೆ ಡೀಸೆಲ್ ಪಂಪ್ ಬಿಚ್ಚುವ ಆತುರ ಬೇಡ. ಅನೇಕ ಪಂಪ್‌ಗಳಲ್ಲಿ ಇಂಧನ ತಡೆಯುವ ಸೊಲೆನಾಯ್ಡ್ ಇರುತ್ತದೆ. ಅದರ ಒಂದೇ ತಂತಿ ಸಡಿಲವಾದರೂ ಎಂಜಿನ್ ನಿಲ್ಲುತ್ತದೆ.

ಬೆಂಕಿಗೆ ಆಹ್ವಾನ

ಪದೇ ಪದೇ ಫ್ಯೂಸ್ ಹೋಗುತ್ತದೆಂದು 10 ಆಂಪಿಯರ್‌ನ ಕೆಂಪು ಫ್ಯೂಸ್ ಜಾಗದಲ್ಲಿ 30 ಆಂಪಿಯರ್‌ನ ಹಸಿರು ಫ್ಯೂಸ್ ಹಾಕುವುದು ಅಪಾಯಕಾರಿ. ಆಗ ಫ್ಯೂಸ್ ಉಳಿದು ತಂತಿ ಸುಡುತ್ತದೆ. ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಕಳಚಿ, ಕೊನೆಯಲ್ಲಿ ಜೋಡಿಸಬೇಕು. ಎಂಜಿನ್ ಓಡುವಾಗ ಬ್ಯಾಟರಿ ಕಳಚಿದರೆ ಡೈನಮೋದ ಡಯೋಡ್‌ಗಳು ಹಾಳಾಗಬಹುದು. ಗಣಕೀಕೃತ ಎಂಜಿನ್ ನಿಯಂತ್ರಣವಿರುವ ವಾಹನಗಳ ತಂತಿಗಳಿಗೆ ಬಲ್ಬ್ ಪರೀಕ್ಷೆ ಸಲ್ಲದು, ಮೀಟರ್ ಮಾತ್ರ ಬಳಸಬೇಕು.

ಒಂದು ಮಲ್ಟಿಮೀಟರ್‌ನ ಬೆಲೆ ಹೊಸ ಬ್ಯಾಟರಿಯ ಬೆಲೆಯಲ್ಲಿ ಸಣ್ಣ ಪಾಲು. ಎಫ್‌ಸಿಗೆ ಹೋದಾಗ ದೀಪಗಳೆಲ್ಲ ಉರಿಯಬೇಕು, ಮುಂಜಾನೆಯ ಸರಕು ಹೊತ್ತಿಗೆ ತಲುಪಬೇಕು ಎನ್ನುವ ಮಾಲೀಕರು ಗ್ಯಾರೇಜಿನಲ್ಲಿ ಕೇಳಬೇಕಾದ ಮಾತು ಒಂದೇ: ಬದಲಿಸುವ ಮುನ್ನ ಅಳೆದು ತೋರಿಸಿ.